ಸಜ್ಜಾದ ಚಿತ್ರ ಬಿಡಿಸಿದ ಸರ್

ಕುಸನೂರಿನ ನಮ್ಮ ಈಗಿನ ಮನೆಯ ಪಕ್ಕ ಮೊನ್ನೆ ಹಳೆಯ ಗೋಡೆಯೊಂದನ್ನು ಒಡೆಯುತ್ತಿದ್ದರು. ಸುಣ್ಣದ ಗಾರೆಯ ಒಣ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಹಿಂದೆ ಕಮಲಾಪುರದ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಸರ್ ನೆನಪಾದರು...

ಕಲಬುರಗಿಯ ಪಾಲಿಟೆಕ್ನಿಕ್ ಒಂದರಲ್ಲಿ ಅವರು ನನಗೆ ಮೆಕ್ಯಾನಿಕ್ಸ್ ಕಲಿಸುತ್ತಿದ್ದರು. ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಮಾತು ಮಾತ್ರ ಇರಲಿಲ್ಲ. ಸಂಜೆ ವಾಪಸಾದಾಗ ಅವರು ಸೀದಾ ಒಳಗೆ ಹೋಗುತ್ತಿರಲಿಲ್ಲ. ಬೀದಿಯಲ್ಲಿ ನಿಂತು ನಮ್ಮ ಬಾಗಿಲ ಮೇಲಿನ ಸಜ್ಜಾ ನೋಡುತ್ತಿದ್ದರು. ಗೋಡೆಯಿಂದ ಹೊರಚಾಚಿದ ಉದ್ದನೆಯ ಹಾಸುಗಲ್ಲು ಅದು. ಅದರ ನೆರಳಿಗೆ ಕಟ್ಟೆಯ ಮೇಲೆ ಅಜ್ಜಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಸರ್ ಒಮ್ಮೆ ಮೇಲೆ ನೋಡಿ, ನೋಟುಬುಕ್ಕಿನಲ್ಲಿ ಏನೋ ಗೀಚಿಕೊಳ್ಳುವರು.

ಸಜ್ಜಾದ ಮೇಲಿನ ಗೋಡೆ ತೆಗೆಸಿ ಹೊಸ ಅಂತಸ್ತು ಎಬ್ಬಿಸಲು ಅಪ್ಪ ಹೊರಟಿದ್ದ ದಿನಗಳವು. “ಪರ್ಮಿಷನ್ ಇಲ್ದ ಕಟ್ಟಾಕತ್ತಾರಂತ ಈ ಮಾಸ್ತರ ಯಾರಿಗರ ಹೇಳ್ತಾನ, ನೋಡ್ತಾ ಇರು” ಎಂದ ಅಪ್ಪ. ನನಗೂ ಅನುಮಾನ ಬಂತು.

ಒಂದು ದಿನ ಕ್ಲಾಸಿನಲ್ಲಿ ಅವರು ಬೋರ್ಡಿನ ಮೇಲೆ ಬರೀ ಒಂದು ಕಲ್ಲು ಬಿಡಿಸಿದರು. ಮನೆಯಿಲ್ಲ, ಬಾಗಿಲಿಲ್ಲ. “ಇದಕ್ಕ ಮುಟ್ಟಿದ್ದೆಲ್ಲಾ ಸರಸ್ರಿ. ಮುಟ್ಟಿದ ಜಾಗದಾಗ ಒಂದೊಂದು ಬಾಣ ಹಾಕ್ರಿ. ಇದೇ ಫ್ರೀ ಬಾಡಿ ಡಯಾಗ್ರಾಮ್.” ಕಲ್ಲಿನ ಭಾರ ಕೆಳಕ್ಕೆ, ಅಡಿಯ ಗೋಡೆಯ ಒತ್ತು ಮೇಲಕ್ಕೆ, ಕಲ್ಲಿನ ಹಿಂತುದಿಯ ಮೇಲೆ ಕೂತ ಗೋಡೆಯ ಭಾರ ಮತ್ತೆ ಕೆಳಕ್ಕೆ. ಆ ಕೊನೆಯ ಬಾಣವನ್ನು ಬೆರಳಿನಿಂದ ಅಳಿಸಿ, “ಈಗ ಇದು ನಿಲ್ತದೇನು?” ಎಂದು ನನ್ನನ್ನೇ ನೋಡಿದರು.

ಅದು ನಮ್ಮ ಸಜ್ಜಾದ ಕಲ್ಲೇ ಎಂದು ಗೊತ್ತಾಯಿತು. ನಮ್ಮ ಮನೆಯ ಗುಟ್ಟು ಊರಿಗೆಲ್ಲ ಹರಾಜು ಹಾಕುತ್ತಿದ್ದಾರೆ ಅನ್ನಿಸಿತು. ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಮನೆ ಖಾಲಿ ಮಾಡಲು ಹೇಳಿದ.

“ಮಾಡ್ತೀನ್ರಿ. ಆದ್ರ ಗ್ವಾಡಿ ತಗಿಯೋಕಿಂತ ಮೊದಲ ಸಜ್ಜಾದ ಕೆಳಗ ಕಟ್ಟಿಗಿ ಆಸರ ಕೊಡ್ರಿ.”

“ನಮ್ಮ ಮನಿ ಚಿಂತಿ ನಿಮಗ್ಯಾಕ್ರಿ?”

ಸರ್ ಕಲಬುರಗಿಯ ಸ್ಟೇಶನ್ ಬಜಾರಿನ ಹತ್ತಿರ ಕೋಣೆ ಹಿಡಿದರು. ಗೌಂಡಿಗಳು ಗೋಡೆ ಒಡೆಯಲು ಶುರುಮಾಡಿದ ಭಾನುವಾರ, ಯಾರು ಸುದ್ದಿ ಮುಟ್ಟಿಸಿದರೋ, ಬೆಳಿಗ್ಗೆಯೇ ಬಂದಿಳಿದರು. ನೇರ ಅಜ್ಜಿಯ ಬಳಿ ಹೋಗಿ ಕೈ ಹಿಡಿದರು. “ಅಮ್ಮಾರೆ, ಇಲ್ಲಿ ಕೂಡಬ್ಯಾಡ್ರಿ. ಏಳ್ರಿ.”

“ಕೆಲಸ ನಿಲ್ಲಸಾಕ ಬಂದೀರೇನು?” ಅಪ್ಪ ಅವರ ಇನ್ನೊಂದು ತೋಳು ಹಿಡಿದು ಬೀದಿಗೆ ಎಳೆದ. ಅವರು ಅಜ್ಜಿಯ ಕೈ ಬಿಡಲೇ ಇಲ್ಲ. ಅಜ್ಜಿ ಬೈಯುತ್ತ ಎದ್ದು ಅವರ ಹಿಂದೆಯೇ ನಾಲ್ಕು ಹೆಜ್ಜೆ ಬಂದಳು. ಅಷ್ಟರಲ್ಲಿ ಕಲ್ಲು ಮುಂದಕ್ಕೆ ಮುಗ್ಗರಿಸಿ ಕಟ್ಟೆಯ ಮೇಲೆ ಬಿತ್ತು. ಸಿಡಿದ ಚೂರೊಂದು ಸರ್ ಹಿಮ್ಮಡಿಯನ್ನು ಸೀಳಿತು.

ಆ ಧೂಳಿನಲ್ಲೇ ಸರ್ ಕರವಸ್ತ್ರ ಕಟ್ಟಿಕೊಂಡು ಕುಂಟುತ್ತ ಬಸ್ ಸ್ಟ್ಯಾಂಡಿಗೆ ನಡೆದರು. ಅಪ್ಪ ಮಾತ್ರ ರಾತ್ರಿ ಊಟಕ್ಕೆ ಕೂತಾಗ, “ಬೀಳ್ತದಂತ ಅವಗ ಹ್ಯಾಂಗ ಗೊತ್ತಿತ್ತು? ಅವನೇ ಏನರ ಸಡಲ ಮಾಡಿಟ್ಟಿದ್ದ” ಎಂದ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಉಂಡೆ.

ಆ ವರ್ಷವೇ ಅವರಿಗೆ ವರ್ಗವಾಯಿತು. ಈಗ ನಾನೂ ಕಟ್ಟಡದ ನಕ್ಷೆ ನೋಡುವ ಕೆಲಸದಲ್ಲಿದ್ದೇನೆ. ಗಾರೆಯ ವಾಸನೆ ಬಂದ ದಿನವೇ ಹಳೆಯ ಸಹಪಾಠಿಗೆ ಫೋನು ಮಾಡಿ ಸರ್ ವಿಳಾಸ ಕೇಳಿದೆ. ಹೋದ ವರ್ಷವೇ ತೀರಿಕೊಂಡರಂತೆ. ಆ ಸಹಪಾಠಿಗೆ ಎಲ್ಲಿಯೇ ಸಿಕ್ಕರೂ, “ಕಮಲಾಪುರದ ಆ ಅಮ್ಮಾರು ಆರಾಮ ಅದಾರೇನು?” ಎಂದು ಕೇಳುತ್ತಿದ್ದರಂತೆ.

ಅಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ಅದನ್ನು ಅವರಿಗೆ ನಾವು ಯಾರೂ ತಿಳಿಸಲಿಲ್ಲ.