ಉಜ್ಜಿ ಅಳಿಸಿದ ನಂಬರ್

ಕಿರ್ರ್ ಎಂಬ ಸದ್ದು ಕೇಳಿದರೆ ಸಾಕು, ಗುಟ್ಟಣ್ಣನ ಅಂಗಡಿಯಲ್ಲಿ ಒಂದು ರಿಪೇರಿ ಮುಗಿಯಿತೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಬೆಸುಗೆ ಹಾಕಿ ಎಲ್ಲ ಸರಿಯಾದ ಮೇಲೆ ಆತ ಪುಟ್ಟ ಚಕ್ರವೊಂದನ್ನು ತಿರುಗಿಸಿ ಚಿಪ್‌ನ ಬೆನ್ನ ಮೇಲಿನ ನಂಬರನ್ನು ತೇಯ್ದುಬಿಡುತ್ತಿದ್ದ. ಬೇರೆ ರಿಪೇರಿಯವನು ಬಿಚ್ಚಿ ನೋಡಿದರೂ ಅದು ಯಾವ ಚಿಪ್ ಎಂದು ಗೊತ್ತಾಗಬಾರದು. ಗುಟ್ಟಣ್ಣ ಎಂಬ ಹೆಸರು ಬೀದಿಯವರು ಇಟ್ಟದ್ದು. ಆತ ಅದನ್ನು ಬಿರುದೆಂದೇ ತಿಳಿದಿದ್ದ.

ಅವನಿಗೆ ಕೈಹಿಡಿದು ಬೆಸುಗೆ ಕಲಿಸಿದವನು ಒಬ್ಬ ರೇಡಿಯೋ ರಿಪೇರಿಯ ಮುದುಕ. ಉಳಿದದ್ದನ್ನೆಲ್ಲ ಇಂಟರ್ನೆಟ್ಟಿನಲ್ಲಿ ರಿಪೇರಿಯವರದೇ ಒಂದು ಗುಂಪು ಬಿಟ್ಟಿಯಾಗಿ ಹೇಳಿಕೊಟ್ಟಿತ್ತು. ಓವನ್‌ನ ಕಾವು ಹದವಾಗಿಡುವ ಪ್ರೋಗ್ರಾಮನ್ನೂ ಅಲ್ಲಿಯ ಯಾರೋ ಪುಣ್ಯಾತ್ಮ ‘ಬಳಸಿ, ತಿದ್ದಿ, ಹಂಚಿ’ ಎಂದು ಬರೆದು ಇಟ್ಟಿದ್ದ. ಗುಟ್ಟಣ್ಣ ಬಳಸಿದ. ತಿದ್ದಿದ್ದು ಒಂದನ್ನೇ, ಬರೆದವನ ಹೆಸರಿದ್ದಲ್ಲಿ ತನ್ನ ಹೆಸರು ಹಾಕಿಕೊಂಡ. ಹಂಚುವ ಮಾತು ಬಂದಾಗ ಬೀಗ ಜಡಿದ. ಬೇರೆಯವರ ಬಾವಿಯಲ್ಲಿ ಹೊಟ್ಟೆ ತುಂಬ ಕುಡಿದು, ಹೊರಡುವಾಗ ಹಗ್ಗ ಕತ್ತರಿಸಿಕೊಂಡು ಹೋಗುವ ಬಗೆಯ ಮನುಷ್ಯ.

ಆ ಬೆಳಿಗ್ಗೆ ಕೆಟ್ಟು ನಿಂತದ್ದು ಅವನ ಅಕ್ಕನ ಬೇಕರಿಯ ಓವನ್. ಹಿಂದೊಮ್ಮೆ ಅವನೇ ರಿಪೇರಿ ಮಾಡಿಕೊಟ್ಟಿದ್ದ. ತಟ್ಟೆಗಳಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿ ಕಾಯುತ್ತಿತ್ತು. ಇನ್ನಷ್ಟು ಹೊತ್ತಾದರೆ ಅದು ಕುಸಿದು ಹುಳಿಯಾಗುತ್ತದೆ, ಅಕ್ಕ ಕಷ್ಟಪಟ್ಟು ಹಿಡಿದ ಆಸ್ಪತ್ರೆ ಕ್ಯಾಂಟೀನಿನ ವ್ಯಾಪಾರವೂ ಅದರ ಜೊತೆಗೇ ಹೋಗುತ್ತದೆ.

ಗುಟ್ಟಣ್ಣ ಬೋರ್ಡು ಬಿಚ್ಚಿ ಬೆಳಕಿಗೆ ಹಿಡಿದ. ಚಿಪ್ ಸುಟ್ಟುಹೋಗಿತ್ತು. ಅದರ ಬೆನ್ನು ನುಣ್ಣಗೆ ಹೊಳೆಯುತ್ತಿತ್ತು.

“ಯಾವ್ದೋ ಅದು? ತಂದು ಹಾಕು ಬೇಗ,” ಎಂದಳು ಅಕ್ಕ.

“ಆವತ್ತು ಡ್ರಾಯರ್‌ನಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದೆ. ನೆನಪಾಗ್ತಿಲ್ಲ ಅಕ್ಕಾ.”

“ನಂಬರ್ ನೋಡೋ.”

“ಉಜ್ಜಿದೀನಲ್ಲ.”

ಅಕ್ಕ ಹಿಟ್ಟಿನ ಕೈಯನ್ನು ಹಾಗೇ ಸೊಂಟಕ್ಕಿಟ್ಟಳು. “ಭೇಷ್! ಊರಿಗೆ ಗೊತ್ತಾಗ್ಬಾರ್ದು ಅಂತ ಹೊರಟೋನು ನಿನ್ನಿಂದ್ಲೇ ಮುಚ್ಚಿಟ್ಕೊಂಡ್ಯಾ? ಫೋಟೋ ತೆಗೆದು ಆ ಗುಂಪಿಗೆ ಹಾಕು, ಯಾರಾದ್ರೂ ಹೇಳ್ತಾರೆ.”

“ಒಳಗೆ ಯಾವ ಪ್ರೋಗ್ರಾಮ್ ಇತ್ತು ಅಂತ ಕೇಳ್ತಾರೆ. ಅವರದ್ದೇ ಅಂತ ಹೇಳ್ಬೇಕಾಗುತ್ತೆ. ನನ್ನ ಗುಟ್ಟು…”

“ಯಾವ ಗುಟ್ಟೋ ಮೂದೇವಿ? ನಿಂಗೇ ಗೊತ್ತಿಲ್ವಲ್ಲ!”

ಅವಮಾನವಾದಾಗಲೂ ಅವನ ಮುಖದಲ್ಲಿ ಯಾರೋ ತನ್ನದನ್ನು ಕದ್ದರೆಂಬ ಕಳೆಯೇ ಇರುತ್ತಿತ್ತು.

“ಹೋಗ್ಲಿ, ಹಿಂದಿನ ಬೀದಿ ಫ್ಯಾನ್ ರಿಪೇರಿಯವನನ್ನ ಕರೀತೀನಿ. ಕೇಳ್ದೋರಿಗೆಲ್ಲ ಹೇಳ್ಕೊಡ್ತಾನೆ ಪಾಪ, ನಿನ್ನ ಥರ ಕೊಬ್ಬಿಲ್ಲ.” ಅಕ್ಕ ಫೋನಿಗೆ ಕೈಚಾಚಿದಳು.

ಗುಟ್ಟಣ್ಣ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ತುರುಕಿದ.

“ಏಯ್, ಅದನ್ನೆಲ್ಲಿಗೋ? ಇಟ್ಟು ಹೋಗು! ಯಾವ ತಂತಿ ಎಲ್ಲಿಗೆ ಹೋಗುತ್ತೆ ಅಂತ ನೋಡಿಯಾದ್ರೂ ಅವನು ಏನಾದ್ರೂ…”

ಒಂದು ತಟ್ಟೆಯ ಹಿಟ್ಟಿನ ನಡುವೆ ಆಗಲೇ ಕುಳಿ ಬಿದ್ದಿತ್ತು. ಅಕ್ಕ ಇನ್ನೂ ಮಾತಾಡುತ್ತಿರುವಾಗಲೇ ಗುಟ್ಟಣ್ಣ ಚೀಲವನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು ನಡೆದ.