ಅಡುಗೆಮನೆಯಿಂದ ಇಂಜಿನ್ ಕೇಳುತ್ತಿದ್ದ ಭಾಬಿ

ಭಾಬಿಯ ಎಡಗೈ ತುಂಬ ಹಸಿರು ಗಾಜಿನ ಬಳೆ; ಬಲಗೈ ಮಾತ್ರ ಬರಿದು. ಗಂಡ ಬದುಕಿರುವ ಹೆಂಗಸು ಹೀಗೇಕೆ ಎಂದು ನನಗೆ ಬಹಳ ದಿನ ಕ್ಯೂರಿಯಾಸಿಟಿ ಇತ್ತು. ಆ ಕೈಯನ್ನು ಕಿವಿಯ ಹಿಂದೆ ಹಿಡಿದು ಇಂಜಿನ್ನಿನ ಸದ್ದು ಕೇಳುವಾಗ ಬಳೆ ಕಿಣಿಗುಟ್ಟಬಾರದೆಂದು ತೆಗೆದಿಟ್ಟಿದ್ದಾರೆ ಎಂದು ತಿಳಿದ ದಿನ ನನಗಾದದ್ದು ಬರೀ ಸರ್‌ಪ್ರೈಸ್ ಅಲ್ಲ, ಶಾಕ್.

ಅವರು ಶಹಾಪುರದ ಹಳೆಯ ಡೀಸೆಲ್ ಮೆಕ್ಯಾನಿಕ್ ಒಬ್ಬರ ಹೆಂಡತಿ. ಗಂಡನನ್ನು ಊರೆಲ್ಲ ಉಸ್ತಾದ್ ಎನ್ನುತ್ತಿತ್ತು. ಮನೆಯ ಮುಂದಿನ ಅಂಗಳವೇ ಅವರ ಗ್ಯಾರೇಜು. ಭಾಬಿ ಅಂಗಳಕ್ಕೆ ಬರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಒಂದು ಪರದೆ, ಅದರ ಹಿಂದೆ ಅವರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದ ನಾನು, ಹಬ್ಬಹರಿದಿನಕ್ಕೆ ಹೋಗಿಬರುವ ಪರಿಚಯದಿಂದ, ಆ ಮನೆಯವರಿಗೆಲ್ಲ ‘ಅಕ್ಕೋರು’. ನನ್ನ ಯಜಮಾನರು ಬಿಟ್ಟುಹೋದದ್ದು ಒಂದು ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಜೀಪು. ಭೀಮರಾಯನಗುಡಿಯ ಕಡೆಗಿದ್ದ ನಮ್ಮ ಭತ್ತದ ಗದ್ದೆಗೆ ಅದನ್ನು ನಾನೇ ಓಡಿಸಿಕೊಂಡು ಹೋಗುತ್ತಿದ್ದೆ.

ಒಂದು ಚಳಿಗಾಲ ಜೀಪು ‘ಮಿಸ್ಸಿಂಗ್’ ಹೊಡೆಯತೊಡಗಿತು. ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ನಿಂತಲ್ಲೇ ಗಡಗಡ ನಡುಕ. ಯಾದಗಿರಿಯಲ್ಲಿ ಒಬ್ಬ ಪಂಪು ಬದಲಿಸಬೇಕೆಂದ, ಇನ್ನೊಬ್ಬ ಇಂಜಿನ್ನನ್ನೇ ಬಿಚ್ಚಬೇಕೆಂದ. ಕೊನೆಗೆ ಉಸ್ತಾದರ ಬಳಿ ತಂದೆ. ಗಿರಾಕಿ ಏನು ಹೇಳಿದರೂ ಸುಮ್ಮನೆ ಬಾನೆಟ್ ಎತ್ತುವುದೇ ಅವರ ಉತ್ತರ.

ಅವರ ರೀತಿ ಹೀಗೆ. ನಾಲ್ಕು ಸಿಲಿಂಡರಿಗೂ ಡೀಸೆಲ್ ತರುವ ಒಂದೊಂದು ಸಣ್ಣ ಪೈಪು ಇರುತ್ತದೆ. ಇಂಜಿನ್ ಓಡುತ್ತಿರುವಾಗಲೇ ಪಾನಾ ಹಚ್ಚಿ ಒಂದು ಪೈಪಿನ ನಟ್ ಸಡಿಲಿಸುವುದು. ಆ ಸಿಲಿಂಡರ್ ಸರಿಯಿದ್ದರೆ ಇಂಜಿನ್ನಿನ ಸದ್ದು ಕುಗ್ಗುತ್ತದೆ. ಕೆಟ್ಟಿದ್ದರೆ ಸದ್ದು ಬದಲಾಗುವುದೇ ಇಲ್ಲ. ಹೀಗೆ ನಾಲ್ಕನ್ನೂ ನೋಡಿ, ಉಸ್ತಾದರು ಕಿಟಕಿಗೆ ಹೋಗಿ ಚಹಾದ ತಾಟು ತಂದರು. ನಾನೊಬ್ಬಳೇ ಗಿರಾಕಿ. ತಾಟಿನಲ್ಲಿ ಮೂರು ಕಪ್ಪು.

“ಮೂರನೇದು,” ಎಂದರು ಉಸ್ತಾದರು. ಬಿಚ್ಚಿ ನೋಡಿದರೆ ಮೂರನೆಯದೇ!

ಕೈ ತೊಳೆಯುವ ನೆಪದಲ್ಲಿ ನಾನು ಒಳಗೆ ಹೋದೆ. ಕಿಟಕಿಯ ಬಳಿ ಭಾಬಿ ಕಣ್ಣು ಮುಚ್ಚಿ, ಬರಿಗೈಯನ್ನು ಕಿವಿಗೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಬೆಚ್ಚಿದರು.

“ಅವ್ರಿಗಿ ಕೇಳ್ಸಂಗಿಲ್ರಿ ಅಕ್ಕೋರ. ನಾಕೈದು ವರ್ಸಾತು. ಮೊದ್ಲು ಕೈ ಇಟ್ಟು ನೋಡ್ತಿದ್ರು, ಈಗ ಕೈನೂ ನಡುಗ್ತದ.”

“ನೀವ್ ಯಾವಾಗ ಕಲ್ತ್ರಿ ಇದನ್ನ?”

“ಕಲೀಲಾಕ ಸಾಲಿಗಿ ಹೋಗಬೇಕೇನ್ರಿ? ಮೂವತ್ತು ವರ್ಸ ರೊಟ್ಟಿ ಬಡೀತಾ ಇದೇ ಸದ್ದು ಕೇಳೀನಿ.” ನಕ್ಕರು. ಆಮೇಲೆ ನನ್ನ ಕೈ ಹಿಡಿದರು. “ಯಾರ ಮುಂದೂ ಅನಬ್ಯಾಡ್ರಿ. ಗಿರಾಕಿ ಹೋದ್ರ ಹೋಗ್ಲಿ, ಅವ್ರ ಮಾನ ಹೋಗ್ತದ.”

ಗಾಡ್ ಪ್ರಾಮಿಸ್ ಎಂದೆ, ಕಾನ್ವೆಂಟಿನಲ್ಲಿ ಕಲಿತ ಹಾಗೆ ಗಂಟಲು ಮುಟ್ಟಿಕೊಂಡು.

ಆಮೇಲೆ ನಾನು ಸುಮ್ಮಸುಮ್ಮನೆ ಹೋಗಿ ಅವರ ಪಕ್ಕ ಕೂರುತ್ತಿದ್ದೆ. ಎಷ್ಟನೆಯ ಸಿಲಿಂಡರ್ ಕೆಟ್ಟಿದೆಯೋ ತಾಟಿನಲ್ಲಿ ಅಷ್ಟು ಕಪ್ಪು. ಅಂಗಳಕ್ಕೆ ಗಾಡಿ ಬರುವಷ್ಟರಲ್ಲೇ, “ಇದು ಸಿಲಿಂಡರ್ ಅಲ್ಲ, ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕದ” ಎಂದು ತಾಟಿನಲ್ಲಿ ಕಪ್ಪಿನ ಬಸಿಯನ್ನು ಬೋರಲು ಹಾಕಿ ಕಳಿಸುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬ ನಿನ್ನೆಯತನಕ ಗಾಡಿ ಚೆನ್ನಾಗಿತ್ತು ಎಂದು ಆಣೆ ಹಾಕುತ್ತಿದ್ದಾಗ ನನ್ನ ಕಿವಿಯಲ್ಲಿ ಹೇಳಿದರು: “ಇಂಜಿನ್ ಸುಳ್ಳು ಹೇಳಂಗಿಲ್ರಿ. ತಂದಾಂವ ಹೇಳ್ತಾನ.”

ಇಂಥ ಬ್ರಿಲಿಯಂಟ್ ಹೆಂಗಸು ಪರದೆಯ ಹಿಂದೆಯೇ ಉಳಿಯಬೇಕೆ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಆ ಉರಿಯೇ ಕೆಡಿಸಿತು.

ಒಂದು ಬೆಳಿಗ್ಗೆ ಅಂಗಳದಲ್ಲಿ ಆರೇಳು ಜನ. ಭತ್ತದ ವ್ಯಾಪಾರಿಯೊಬ್ಬ ಗೊಣಗಿದ: “ಮುದುಕಗ ಏನ್ ತಿಳೀತದ? ಅಂದಾಜಿಗಿ ಹೇಳ್ತಾನ.”

ನಾನು ಎದ್ದು ನಿಂತೆ. ಪ್ರಾಮಿಸ್ ನೆನಪಿಗೆ ಬರಲೇ ಇಲ್ಲ. “ಅಂದಾಜು ಅಲ್ಲ! ಇವರ ಹೆಂಡತಿ ಒಳಗೆ ನಿಂತು ಕೇಳಿ ಹೇಳ್ತಾರೆ. ನಿಮ್ಮೆಲ್ಲರ ಗಾಡಿಯ ಡಯಾಗ್ನೋಸಿಸ್ ಅವರದೇ. ಸ್ವಲ್ಪ ಕ್ರೆಡಿಟ್ ಕೊಡೋದು ಕಲೀರಿ!”

ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆನೇ ನಾನು?

“ಅಂದ್ರ ಇಷ್ಟು ದಿನ ನಮ್ಮ ಗಾಡಿ ಅಡಿಗಿಮನ್ಯಾಗ ರಿಪೇರಿ ಆಗ್ತಿತ್ತು!” ಎಂದ ವ್ಯಾಪಾರಿ. “ಉಪ್ಪು ಖಾರ ಹಾಕಿದ್ರೋ ಇಲ್ಲೋ?” ಅಂಗಳವೆಲ್ಲ ನಕ್ಕಿತು. ನನ್ನ ಎದುರಿಗೇ ನಿಂತಿದ್ದ ಉಸ್ತಾದರು, ಪಾಪ, ಎಲ್ಲರೂ ನಗುವುದನ್ನು ಕಂಡು ತಾವೂ ನಕ್ಕರು. ಅಡುಗೆಮನೆಯ ಕಿಟಕಿ ಮುಚ್ಚಿಕೊಂಡ ಸದ್ದಾಯಿತು.

ಎರಡು ತಿಂಗಳಲ್ಲಿ ಅಂಗಳ ಖಾಲಿ. ಕ್ಷಮೆ ಕೇಳಲು ಹೋದೆ. ಭಾಬಿ ಬೈಯಲಿಲ್ಲ. “ನನ್ನ ಹೆಸರು ಮಾಡಾಕ ಹೋದ್ರಿ ಅಕ್ಕೋರ. ನಾ ಹೆಸರು ಕೇಳಿದ್ನೇನು?” ಎಂದರು ಅಷ್ಟೇ. ರೊಟ್ಟಿಯ ಹಿಟ್ಟು ನಾದುತ್ತ, “ಹೊಸಾ ಗಾಡಿಗೆಲ್ಲ ಕಂಪ್ಯೂಟರ್ ಹಚ್ಚಿ ನೋಡ್ತಾರ, ಅದ್ಕ ಯಾರೂ ಬರವಲ್ಲರು ಅಂತ ಅವ್ರಿಗಿ ಕೈಸನ್ನಿ ಮಾಡಿ ಹೇಳೀನಿ. ನೀವೂ ಹಂಗ ಅನ್ರಿ,” ಎಂದರು.

ಅಂದಿನಿಂದ ನಾನೊಂದು ಹುಚ್ಚಾಟ ಶುರುಮಾಡಿದೆ. ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ಬಾನೆಟ್ ಎತ್ತಿ, ಪೈಪಿನ ಒಂದು ನಟ್ಟನ್ನು ನಾನೇ ಚೂರು ಸಡಿಲಿಸಿ, ಗಡಗಡ ನಡುಗುವ ಜೀಪನ್ನು ಅವರ ಅಂಗಳಕ್ಕೆ ಒಯ್ಯುತ್ತಿದ್ದೆ. ಉಸ್ತಾದರಿಗೆ ಒಂದು ಕೆಲಸ ಸಿಕ್ಕಂತಾಗಲಿ ಎಂದು. ಭಾಬಿಗೆ ಮೊದಲ ದಿನವೇ ತಿಳಿದಿತ್ತು. ಆದರೂ ಲೆಕ್ಕದ ಕಪ್ಪುಗಳನ್ನು ಕಳಿಸುತ್ತಿದ್ದರು. ಒಮ್ಮೆ ಪರದೆ ಸರಿಸಿ, “ಇವತ್ತು ಭಾಳ ಸಡ್ಲ್ ಮಾಡೀರಿ. ಹಾದ್ಯಾಗ ನಿಂತಿದ್ರ ಯಾರು ದಬ್ಬತಿದ್ರು ನಿಮ್ಮನ್ನ?” ಎಂದು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಕ್ಷಮಿಸಿದ್ದಾರೆ ಎಂದು ನನಗೆ ಅನ್ನಿಸಿದ್ದು ಅವತ್ತೇ.

ಹೋದ ಬೇಸಿಗೆಯಲ್ಲಿ ಮೂರೇ ದಿನದ ಜ್ವರಕ್ಕೆ ಭಾಬಿ ಹೋಗಿಬಿಟ್ಟರು. ನಾನು ಸುರಪುರದಲ್ಲಿ ತಂಗಿಯ ಮನೆಯಲ್ಲಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು. ಅಂಗಳದಲ್ಲಿ ಜೀಪು ನಿಲ್ಲಿಸಿ ಇಳಿದೆ. ಉಸ್ತಾದರು ಬಂದು ನಡುಗುವ ಕೈಯನ್ನು ಬಾನೆಟ್ಟಿನ ಮೇಲಿಟ್ಟರು.

“ಇನ್ನ ಮ್ಯಾಲ ನಟ್ ಸಡ್ಲ್ ಮಾಡಬ್ಯಾಡ್ರಿ ಅಕ್ಕೋರ,” ಎಂದರು. “ಗಿರಾಕಿ ಯಾಕ ಬಿಟ್ರಂತ ನನಗ ಗೊತ್ತಾಗಿಲ್ಲ ಅಂತ ಅಕಿ ಸಮಾಧಾನದಾಗ ಇದ್ಳು. ಹಂಗ ಇರ್ಲಂತ ನಾನೂ ಸುಮ್ನಿದ್ದೆ.”

ಎದುರಿಗಿರುವವರು ಕಿವುಡರೆಂಬುದನ್ನೂ ಮರೆತು ಮೆಲ್ಲಗೆ ಕೇಳಿದೆ: “ನಿಮಗ್ಯಾರು ಹೇಳಿದ್ರು?”

“ನೀವ ಹೇಳಿದ್ರಲ್ರಿ ಅವತ್ತು,” ಎಂದರು ಉಸ್ತಾದರು. “ನಿಮ್ಮ ಬಾಯಿ ನನಗ ಕಾಣ್ತಿತ್ತು.”