ಗಂಟೆಯ ಸದ್ದು ತೆಗೆಯಲಾಗಿದೆ

ಯಾರೂ ಓದದ್ದನ್ನು ಬರೆಯುತ್ತ ಆಯುಷ್ಯ ಸವೆಸಿದವರು ನಮ್ಮ ಬಳಗದಲ್ಲಿ ಇಬ್ಬರು. ಒಬ್ಬ ನಾನು, ವಾರಪತ್ರಿಕೆಯೊಂದರ ಕೊನೆಯ ಪುಟಕ್ಕೆ ನಗೆಬರಹ ಬರೆಯುವವನು. ಇನ್ನೊಬ್ಬ ನನ್ನಾಕೆಯ ತಂಗಿಯ ಗಂಡ, ನನ್ನ ಷಡ್ಡಕ. ನನ್ನದನ್ನು ಯಾರೂ ಓದುವುದಿಲ್ಲ ಎಂದು ನಾನು ವಿನಯಕ್ಕೆ ಹೇಳುತ್ತೇನೆ, ನನ್ನಾಕೆ ನಿಜವೆಂದೇ ಹೇಳುತ್ತಾಳೆ. ಷಡ್ಡಕನ ವಿಷಯದಲ್ಲಿ ಮಾತ್ರ ಎರಡನೆಯ ಅಭಿಪ್ರಾಯವೇ ಇರಲಿಲ್ಲ.

ಹಗಲು ಅವನಿಗೆ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯ ಒಂದು ಚೀಟಿ ಇರುತ್ತದಲ್ಲ, ಇರುವೆಗಳು ಮೆರವಣಿಗೆ ಹೊರಟಂಥ ಅಕ್ಷರದ್ದು, ಅದರ ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು, ಏನು ಬದಲಾಗಿದೆ ಎಂದು ಸಾಲು ಸಾಲಾಗಿ ನೋಡಿ ಸಹಿ ಹಾಕುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಾನೆ. ಡಬ್ಬಿ ಒಡೆದವರು ಮೊಟ್ಟಮೊದಲು ಎಸೆಯುವುದು ಆ ಚೀಟಿಯನ್ನೇ.

ಕಾರ್ಖಾನೆಗೆ ಹೊರಡುವ ಮುಂಚೆ, ಬೆಳಿಗ್ಗೆ ಐದರಿಂದ ಏಳರವರೆಗೆ, ಅವನಿಗೆ ಇನ್ನೊಂದು ಕೆಲಸವಿತ್ತು. ಅಡುಗೆಮನೆಗೂ ಬಚ್ಚಲಿಗೂ ನಡುವೆ, ಒಗೆದ ಬಟ್ಟೆ ಒಣಗುವ ಓಣಿಯಂಥ ಜಾಗದಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್. ಒದ್ದೆ ಲುಂಗಿಯನ್ನು ಕಿವಿಯಿಂದ ಸರಿಸಿಕೊಂಡು ಕೂತು ಒಂದು ಲೈಬ್ರರಿ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದ. ಯಾವ ಪುಸ್ತಕ ಯಾರ ಕೈಯಲ್ಲಿದೆ, ಯಾವುದು ವಾಪಸು ಬಂತು ಎಂದು ನೆನಪಿಟ್ಟುಕೊಳ್ಳುವ ಪ್ರೋಗ್ರಾಮ್ ಅದು. ಓಪನ್ ಸೋರ್ಸ್. ಎಂದರೆ ಅದರ ಒಡಲೊಳಗೆ ಬರೆದಿದ್ದನ್ನೆಲ್ಲ ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ನಾಲ್ಕಾರು ದೇಶಗಳಲ್ಲಿ ಚದುರಿಕೊಂಡ ಹತ್ತು ಹನ್ನೆರಡು ಜನ, ಒಬ್ಬರ ಮುಖ ಒಬ್ಬರು ನೋಡದೆ, ಅದನ್ನು ತಿದ್ದಿ ತೀಡಿ ನಡೆಸುತ್ತಿದ್ದರು.

ಅದರ ಮುಖ್ಯ ಕಾಂಡದಲ್ಲಿ ಹೊಸ ಹೊಸದೆಲ್ಲ ಬೆಳೆಯುತ್ತಿತ್ತು. ಹೊಸದು ಓಡಲು ಹೊಸ ಕಂಪ್ಯೂಟರೇ ಬೇಕು. ಹಳೆಯ ಯಂತ್ರದಲ್ಲೇ ದಿನ ನೂಕುವ ಲೈಬ್ರರಿಗಳಿಗೆಂದು ಹಳೆಯ ಆವೃತ್ತಿಯನ್ನು ಒಂದು ಕೊಂಬೆಯಾಗಿ ಉಳಿಸಿಕೊಂಡಿದ್ದರು. ಅವರ ಬಾಯಲ್ಲಿ ಅದು ಬ್ರಾಂಚ್. ಕಾಂಡದಲ್ಲಿ ಯಾರಾದರೂ ತೂತು ಮುಚ್ಚಿದರೆ ಅದೇ ತೇಪೆಯನ್ನು ಹಳೆಯ ಬಟ್ಟೆಗೆ ಹೊಂದುವಂತೆ ಕತ್ತರಿಸಿ ಕೊಂಬೆಗೂ ಹಾಕಬೇಕು. ಕೊಂಬೆಗೆ ತೇಪೆ ಹಾಕುವುದು ಹೇಗೆ ಎಂದು ಕೇಳಬೇಡಿ. ಅವನು ಹನ್ನೊಂದು ವರ್ಷ ಹೇಳಿದ್ದರಲ್ಲಿ ನನ್ನ ತಲೆಗೆ ಹೋಗಿದ್ದು ಇಷ್ಟೇ.

ಆ ಕೊಂಬೆಯ ಕಾವಲುಗಾರ ನನ್ನ ಷಡ್ಡಕ. ಏನನ್ನು ಸೇರಿಸಬೇಕು, ಏನನ್ನು ಸೇರಿಸಬಾರದು ಎಂಬ ಕೀಲಿ ಅವನೊಬ್ಬನ ಕೈಯಲ್ಲಿ. ಬೇರೆ ಯಾರಿಗೂ ಪುರಸೊತ್ತಿಲ್ಲದ್ದರಿಂದ ಕಾವಲಿನ ನಿಯಮಗಳನ್ನು ಬರೆದವನೂ ಅವನೇ. ಅವನಿಗೆ ನಿಜವಾದ ಪ್ರೀತಿ ಇದ್ದದ್ದು ಚೇಂಜ್‌ಲಾಗ್ ಮೇಲೆ, ಅಂದರೆ ಬದಲಾವಣೆಗಳ ಪಟ್ಟಿಯ ಮೇಲೆ. ಬೇರೆಯವರು ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಗೀಚಿ ಕೈತೊಳೆದುಕೊಳ್ಳುವ ಜಾಗದಲ್ಲಿ ಇವನು ಹೀಗೆ ಬರೆಯುತ್ತಿದ್ದ: ‘ಹೆಸರಿನಲ್ಲಿ ಚುಕ್ಕೆ ಇರುವವರ ಕಾರ್ಡು ಹುಡುಕಿದರೆ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಕಾರಣ: ಹುಡುಕುವ ಕಡೆ ಚುಕ್ಕೆ ಕೀಳುತ್ತಿದ್ದೆವು, ಇಟ್ಟ ಕಡೆ ಕಿತ್ತಿರಲಿಲ್ಲ. ತಪ್ಪು ನನ್ನದು.’ ಪ್ರತಿಯೊಂದಕ್ಕೂ ಒಂದು ಕಾರಣ. ಕಾರಣವಿಲ್ಲದ ಸಾಲು ಅವನ ಪಟ್ಟಿಯಲ್ಲಿ ಇರಲಿಲ್ಲ.

“ಊರಿನ ಲೈಬ್ರರಿಗೆಲ್ಲ ತೇಪೆ ಹಾಕ್ತಾರೆ, ಮನೆ ನಲ್ಲಿ ಹೋದ ವರ್ಷದಿಂದ ಸೋರ್ತಿದೆ,” ಎನ್ನುತ್ತಿದ್ದಳು ನನ್ನ ನಾದಿನಿ. “ನಲ್ಲೀನೂ ಒಂದು ಕೊಂಬೆ ಅಂದ್ಕೊಳ್ಳಿ ಅಂದೆ. ನಕ್ಕರು. ಅದು ಇನ್ನೂ ಸೋರ್ತಾನೇ ಇದೆ.”

ಹೋದ ವರ್ಷದ ಆರಂಭದಲ್ಲಿ ತಂಡದ ಹಿರಿಯಳು ಅವನಿಗೆ ಕಾಗದ ಬರೆದಳು. ಮೂರು ವರ್ಷದಿಂದ ಹಳೆಯ ಕೊಂಬೆಯ ಬಗ್ಗೆ ಒಂದು ದೂರೂ ಬಂದಿಲ್ಲ. ಅದನ್ನು ಬಳಸುವವರು ಯಾರೂ ಉಳಿದಿಲ್ಲ ಎಂದು ಕಾಣುತ್ತದೆ. ವರ್ಷದ ಕೊನೆಯೊಳಗೆ ಒಂದೇ ಒಂದು ಲೈಬ್ರರಿಯನ್ನು ತೋರಿಸಿದರೆ ಉಳಿಸೋಣ, ಇಲ್ಲವಾದರೆ ಮುಚ್ಚೋಣ.

ತೋರಿಸುವುದು ಹೇಗೆ? ಯಾರು ಏನು ಓದುತ್ತಾರೆ ಎಂದು ಮೂರನೆಯವರಿಗೆ ತಿಳಿಯಬಾರದೆಂದು ಆ ಪ್ರೋಗ್ರಾಮು ತಾನು ಎಲ್ಲಿ ಓಡುತ್ತಿದ್ದೇನೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಮರ್ಯಾದಸ್ಥ ಪ್ರೋಗ್ರಾಮು. ನಮ್ಮೂರಿನ ಲೈಬ್ರರಿಗಳ ಹೆಡ್ ಆಫೀಸಿಗೂ ಅವನು ಬರೆದು ಕೇಳಿದ. ‘ನಮ್ಮ ಎಲ್ಲ ಶಾಖೆಗಳಲ್ಲೂ ಹೊಸದೇ ಇದೆ’ ಎಂದು ಉತ್ತರ ಬಂತು. ಬದಲಾವಣೆ ಪಟ್ಟಿಯ ತಲೆಯಲ್ಲಿ ‘ಇದನ್ನು ಓದುತ್ತಿರುವವರು ದಯವಿಟ್ಟು ಒಂದು ಸಾಲು ಬರೆಯಿರಿ’ ಎಂದು ಹಾಕಿದ. ಯಾರೂ ಬರೆಯಲಿಲ್ಲ. ಪಟ್ಟಿಯನ್ನು ಯಾರೂ ಓದುವುದಿಲ್ಲ ಎಂಬುದು ಮಾತ್ರ ಖಾತ್ರಿಯಾಯಿತು.

ಏಪ್ರಿಲ್‌ನ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ, ಕೈ ತೊಳೆಯುವ ಕಡೆ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದ.

“ಭಾವ, ಒಂದು ಸಣ್ಣ ಗಂಟೆ ತೆಗೆದಿದ್ದೀನಿ.”

“ಯಾರ ಮನೇದು?”

“ಪ್ರೋಗ್ರಾಮಿಂದು. ಪುಸ್ತಕ ವಾಪಸ್ ಆಯ್ತು ಅಂತ ದಾಖಲಾದಾಗ ಟಿಣ್ ಅನ್ನೋದು. ಅದಿಲ್ಲ ಅಂದ್ರೆ ಯಾರಿಗೂ ನಷ್ಟ ಇಲ್ಲ, ತೆರೆ ಮೇಲೆ ಬರಹ ಬಂದೇ ಬರುತ್ತೆ. ಆದ್ರೆ ಬಳಸೋರು ಇದ್ರೆ ಬೈತಾರೆ. ಬೈದ್ರೆ ಸಿಕ್ಕಿಬೀಳ್ತಾರೆ.”

“ಪಟ್ಟೀಲಿ ಏನಂತ ಬರೆದೆ?”

ಅವನು ಟವೆಲಿನಲ್ಲಿ ಬೆರಳನ್ನು ಒಂದೊಂದಾಗಿ ಒರೆಸಿಕೊಂಡ. “‘ಗಂಟೆಯ ಸದ್ದು ತೆಗೆಯಲಾಗಿದೆ.’ ಅಷ್ಟೇ.”

“ಕಾರಣ?”

“ಬರೀಲಿಲ್ಲ.”

ನಾನು ನಕ್ಕು ಬೆನ್ನು ತಟ್ಟಿದೆ. ನಾಯಿ ಇದೆಯೋ ಇಲ್ಲವೋ ನೋಡಲು ಬಾಲ ತುಳಿಯುವ ಉಪಾಯ ಎಂದು ಒಂದು ಲೇಖನವನ್ನೂ ಬರೆದೆ. ಅವನು ನಗಲಿಲ್ಲ. ತಿಂಗಳುಗಳು ಕಳೆದವು. ಯಾರೂ ಬೈಯಲಿಲ್ಲ. ಬೈಗುಳಕ್ಕಾಗಿ ಅಷ್ಟು ಆಸೆಯಿಂದ ಕಾದ ಮನುಷ್ಯನನ್ನು ನಾನು ನೋಡಿಲ್ಲ. ದಿನಾ ಏಳು ಗಂಟೆಗೆ ಕಂಪ್ಯೂಟರ್ ಆರಿಸಿ ಎದ್ದಾಗ ಅವನ ಮುಖ ಬಾಡಿಗೆ ಮನೆ ಖಾಲಿ ಮಾಡಿ ಹೋದವರ ಗೋಡೆಯಂತಿರುತ್ತದೆ ಎಂದು ನಾದಿನಿ ಹೇಳುತ್ತಿದ್ದಳು.

ಈಗ ನನ್ನ ಪಾಲಿನದು. ಡಿಸೆಂಬರ್ ಮಧ್ಯದಲ್ಲಿ ನನ್ನಾಕೆ ಮಂಚದ ಕೆಳಗೆ ಗುಡಿಸುವಾಗ ಒಂದು ಲೈಬ್ರರಿ ಪುಸ್ತಕ ಸಿಕ್ಕಿತು. ಹನ್ನೊಂದು ತಿಂಗಳ ಹಿಂದೆ ನಾನೇ ತಂದದ್ದು. ತಡವಾಯಿತೆಂದು ನಾಚಿ, ನಾಚಿದ್ದಕ್ಕೆ ಇನ್ನಷ್ಟು ತಡವಾಗಿ, ಕೊನೆಗೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೆ.

“ಇವತ್ತು ಕೊಟ್ಟು ಬನ್ನಿ,” ಎಂದಳು. “ಇಲ್ಲಾಂದ್ರೆ ನಾನೇ ಹೋಗಿ, ನಮ್ಮನೆಯವರು ತೀರ್ಕೊಂಡ್ರು ಅಂತ ಹೇಳಿ ಕೊಟ್ಟು ಬರ್ತೀನಿ.”

ಹೋದೆ. ಒಂದೇ ಕೋಣೆಯ ಲೈಬ್ರರಿ, ಬಾಗಿಲ ಬಳಿ ಕೌಂಟರ್, ಅದರ ಹಿಂದೆ ಕೌಂಟರಮ್ಮ. ಹಾಗೆಂದು ನಾವೆಲ್ಲ ಕರೆಯುವುದು. ಐವತ್ತೈದು ದಾಟಿದವರು, ಕನ್ನಡಕ ಸೀಸೆಯ ತಳದಷ್ಟು ದಪ್ಪ. ನನ್ನನ್ನು ‘ಲೇಟ್ ಸಾರ್’ ಎಂದು ಕರೆಯುವ ಹಕ್ಕು ಅವರೊಬ್ಬರಿಗಿದೆ.

ಅವರು ಪುಸ್ತಕದ ಬೆನ್ನಿನ ಪಟ್ಟೆಗೆ ಕೆಂಪು ದೀಪ ಹಿಡಿದರು. ಕಾದರು. ಮತ್ತೆ ಹಿಡಿದರು. ತೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಒಂದು ನೋಟ್‌ಬುಕ್ ತೆಗೆದು ಪುಸ್ತಕದ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡರು.

“ಸಾರ್, ಗಂಟೆ ಕೇಳಿಸ್ತಾ ನಿಮಗೆ?”

ನನಗೆ ಏನೂ ಕೇಳಿಸಿರಲಿಲ್ಲ. ಆದರೆ ನನ್ನ ಗಮನವೆಲ್ಲ ಪುಸ್ತಕದೊಳಗೆ ಒತ್ತಿದ್ದ ತಾರೀಕಿನ ಮೇಲಿತ್ತು. ಮಾತು ಬೆಳೆದರೆ ಅದು ಬಯಲಿಗೆ ಬರುತ್ತದೆ. “ಕೇಳಿಸ್ತು, ಚೆನ್ನಾಗೇ ಕೇಳಿಸ್ತು,” ಎಂದೆ.

ಅವರು ತಲೆಯಾಡಿಸಿದರು. “ಎಲ್ರೂ ಹಾಗೇ ಅಂತಾರೆ. ನನಗೊಬ್ಬಳಿಗೇ ಇಲ್ಲ. ಕಣ್ಣಂತೂ ಮೊದಲೇ ಮಂಜು. ಆ ಟಿಣ್ ಅನ್ನೋದನ್ನೇ ನಂಬ್ಕೊಂಡು ಇಷ್ಟು ವರ್ಷ ತಳ್ಳಿದೆ. ಈಗ ಕಿವೀನೂ ಹೋಯ್ತು ನೋಡಿ. ವಾಪಸ್ ಬಂದ ಪುಸ್ತಕ ಬಂದಿಲ್ಲ ಅಂತ ಜನರಿಗೆ ಕಾಗದ ಹೋಗಿ ರಂಪ ಆಯ್ತು, ಎರಡು ಸಲ. ಯಾರ ಬಾಯಿಗೂ ಯಾಕೆ ಬೀಳಬೇಕು ಅಂತ, ಕೆಲಸ ಬಿಡ್ತೀನಿ ಅಂತ ಬರೆದುಕೊಟ್ಟೆ. ಶನಿವಾರ ಕೊನೇ ದಿನ.”

“ಆರೋಗ್ಯ ನೋಡ್ಕೊಳ್ಳಿ,” ಎಂದು ಹೇಳಿ ಹೊರಬಂದೆ. ಅವರ ಹಿಂದಿನ ಗಾಜಿನ ಬೀರುವಿನಲ್ಲಿ ತೆರೆಯ ನೆರಳು ಕಂಡಿತು: ಹಸಿರು ಪುಟ, ಮೂಲೆಯಲ್ಲಿ ಪುಟ್ಟ ಗೂಬೆ. ಎಲ್ಲೋ ನೋಡಿದ್ದೇನೆ ಎನ್ನಿಸಿತು. ಔಷಧಿ ಅಂಗಡಿ ದಾಟಿ, ಕನ್ನಡಕದಂಗಡಿ ದಾಟಿ, ರಸ್ತೆಯ ಮಧ್ಯೆ ನಿಂತುಬಿಟ್ಟೆ. ಆ ಗೂಬೆಯನ್ನು ನಾನು ನೋಡಿದ್ದು ಷಡ್ಡಕನ ಮೇಜಿನ ಮೇಲೆ, ಒದ್ದೆ ಲುಂಗಿಯ ಕೆಳಗೆ. ಹಿಂದೊಬ್ಬ ಸೈಕಲ್ಲಿನವನು ಬೆಲ್ ಮಾಡಿ ಮಾಡಿ ಸಾಕಾಗಿ, “ಕಿವಿ ಕೇಳಿಸಲ್ವಾ ಯಜಮಾನ್ರೆ?” ಎಂದ.

ಆಗಲೇ ಹಿಂದಿರುಗಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ‘ಕೇಳಿಸ್ತು’ ಎಂದ ಬಾಯಿ ಹತ್ತು ನಿಮಿಷದಲ್ಲಿ ‘ಇಲ್ಲ’ ಎನ್ನುವುದು ಹೇಗೆ? ಸೀದಾ ಷಡ್ಡಕನ ಮನೆಗೆ ಹೋಗಿ, ಅವನು ಕಾರ್ಖಾನೆಯಿಂದ ಬರುವವರೆಗೂ ನಲ್ಲಿ ಸೋರುವುದನ್ನು ಕೇಳುತ್ತ ಕೂತೆ.

ಮೊದಲು ಹೇಳಿದ್ದು ಒಳ್ಳೆಯ ಸುದ್ದಿ. “ನಿನ್ನ ಕೊಂಬೆ ಉಳೀತು ಕಣಯ್ಯ. ನಮ್ಮ ಬೀದಿ ಹಿಂದಿನ ಲೈಬ್ರರೀಲೇ ಓಡ್ತಿದೆ. ಹೆಡ್ ಆಫೀಸಿನವರಿಗೆ ಅಲ್ಲೊಂದು ಹಳೇ ಕಂಪ್ಯೂಟರ್ ಇದೆ ಅನ್ನೋದೇ ಗೊತ್ತಿಲ್ಲ.” ಅವನ ಮುಖ ಅರಳಿತು. ಆಮೇಲೆ ಮಿಕ್ಕದ್ದನ್ನು ಹೇಳಿದೆ. ನಾನು ‘ಕೇಳಿಸ್ತು’ ಎಂದದ್ದನ್ನೂ ಸೇರಿಸಿಯೇ ಹೇಳಿದೆ. ಅದೊಂದು ಪುಣ್ಯವಾದರೂ ನನಗಿರಲಿ.

“ಬೈಬೇಕಿತ್ತಲ್ಲ ಭಾವ,” ಎಂದ ಷಡ್ಡಕ. “ಪ್ರೋಗ್ರಾಮ್ ಕೆಟ್ಟೋಗಿದೆ ಅಂತ ಬೈಬೇಕಿತ್ತು. ತಮ್ಮ ಕಿವಿ ಕೆಟ್ಟಿದೆ ಅಂತ ಯಾಕೆ ಅಂದ್ಕೊಂಡ್ರು?”

“ಹನ್ನೊಂದು ವರ್ಷ ನಿನ್ನ ಪ್ರೋಗ್ರಾಮ್ ಒಂದು ಸಲಾನೂ ತಪ್ಪಿಲ್ಲ. ಅದನ್ನ ಅನುಮಾನಿಸೋದು ಹೇಗೆ?”

ಹೊಗಳಿಕೆ ಎಂದುಕೊಂಡು ಹೇಳಿದೆ. ಅವನಿಗೆ ಅದು ಕಪಾಳಕ್ಕೆ ಬಿದ್ದ ಹಾಗೆ ಬಿತ್ತು.

ಮರುದಿನ ಶುಕ್ರವಾರ. ಕಾರ್ಖಾನೆಗೆ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಹೋದ. ಬೆಳಿಗ್ಗೆಯೇ ಗಂಟೆಯನ್ನು ವಾಪಸು ಸೇರಿಸಿದ್ದ. ಹಳೆಯ ಕಂಪ್ಯೂಟರು ಹೊಸ ತೇಪೆಯನ್ನು ತಾನೇ ಎಳೆದುಕೊಳ್ಳುವುದು ಮರುದಿನ ಬಾಗಿಲು ತೆಗೆಯುವ ಮುಂಚೆ. ಅಲ್ಲಿಯವರೆಗೆ ಮೌನವೇ. ಕೌಂಟರಿನ ಮುಂದೆ ನಿಂತು, ಮೇಷ್ಟರ ಎದುರು ನಿಂತ ಹುಡುಗನಂತೆ ಎಲ್ಲವನ್ನೂ ಒಪ್ಪಿಸಿದ. ಕೌಂಟರಮ್ಮ ಕೇಳಿಸಿಕೊಂಡರು.

“ಹಾಗಾದ್ರೆ ಗಂಟೆ ಬಡೀತಾನೇ ಇರ್ಲಿಲ್ವಾ?”

“ಇಲ್ಲ ಅಮ್ಮ.”

“ಎಂಟು ತಿಂಗಳಿಂದ?”

“ಹೌದು.”

“ಕಿವಿ ಡಾಕ್ಟ್ರು ಹೇಳಿದ್ರು, ನಿಮ್ಮ ಕಿವಿ ಇಪ್ಪತ್ತರ ಹುಡುಗೀದು ಅಂತ. ನಾನು ಡಾಕ್ಟ್ರನ್ನ ನಂಬ್ಲಿಲ್ಲ, ಇದನ್ನ ನಂಬಿದೆ.” ಕಂಪ್ಯೂಟರಿನ ತಲೆಯ ಮೇಲೆ ಕೈ ಇಟ್ಟರು. “ಮನೇಲಿ ಮಗಳು, ಅಳಿಯ, ಎಲ್ರೂ ನನ್ನ ಹತ್ರ ಕೂಗಿ ಕೂಗಿ ಮಾತಾಡ್ತಾರೆ. ಪಾಪ, ಅವರ ಗಂಟಲು ಕಟ್ಟಿಹೋಗಿದೆ. ನಾನೂ ಕಿವುಡಿ ಥರ ‘ಆಂ? ಆಂ?’ ಅಂತಾನೇ ಇದ್ದೆ.” ನಕ್ಕರು. ನಂತರ ನನ್ನ ಕಡೆ ತಿರುಗಿದರು. “ಮೊನ್ನೆ ನಿಮಗೆ ಕೇಳಿಸ್ತು ಅಂದ್ರಲ್ಲ ಲೇಟ್ ಸಾರ್?”

ಮೊನ್ನೆಯಲ್ಲ, ನಿನ್ನೆ. ನಾನು ತಿದ್ದದೆ ಬೀರುವಿನೊಳಗಿನ ಪುಸ್ತಕಗಳ ಹೆಸರು ಓದತೊಡಗಿದೆ.

ಕೆಲಸ ಬಿಡುವ ಕಾಗದವನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಷಡ್ಡಕ ಕೇಳಿದ. ಆಗುವುದಿಲ್ಲ. ಸೋಮವಾರಕ್ಕೆ ಹೊಸ ಗುಮಾಸ್ತನ ಆರ್ಡರ್ ಆಗಿತ್ತು. “ನೀವು ಬೇಕು ಅಂತ ಮಾಡಿದ್ದಲ್ವಲ್ಲ ಬಿಡಿ,” ಎಂದು ಅವರೇ ಸಮಾಧಾನ ಹೇಳಿದರು. “ಬೇಕು ಅಂತಲೇ ಮಾಡಿದ್ದಮ್ಮ,” ಎಂದ ಇವನು.

ದಾರಿಯಲ್ಲಿ ನಾನು ಲೋಕಜ್ಞಾನ ಹೇಳಿದೆ. ಒಂದು ಲೈಬ್ರರಿ ಬಳಸುತ್ತಿದೆ ಎಂದಷ್ಟೇ ತಂಡಕ್ಕೆ ಬರೆದರೆ ಸಾಕು, ಗಂಟೆಯ ಕಥೆ ಯಾರಿಗೆ ಬೇಕು? ಅವನು ಮನೆಗೆ ಹೋಗಿ ಪಟ್ಟಿಯಲ್ಲಿ ಬರೆದ: ‘ಗಂಟೆಯ ಸದ್ದು ಮರಳಿ ಸೇರಿಸಲಾಗಿದೆ. ಏಪ್ರಿಲ್‌ನಲ್ಲಿ ಅದನ್ನು ತೆಗೆದ ಕಾರಣ: ಬಳಸುವವರು ಇದ್ದಾರೆಯೇ ಎಂದು ತಿಳಿಯಲು. ಇದ್ದರು. ಅವರ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ತಪ್ಪು ನನ್ನದು.’ ಈ ಸಾಲನ್ನು ಮಾತ್ರ ಜನ ಓದಿದರು.

ಹಿರಿಯಳು ಎರಡು ದಿನ ಬಿಟ್ಟು ಉತ್ತರ ಬರೆದಳು, ಬಹಳ ನೊಂದುಕೊಂಡೇ. ಕೊಂಬೆ ಉಳಿಯುತ್ತದೆ. ಆದರೆ ಗೊತ್ತಿದ್ದೂ ದೋಷ ಸೇರಿಸಿದವರ ಕೈಯಲ್ಲಿ ಕೀಲಿ ಇರಕೂಡದು ಎಂಬುದು ಏಳನೆಯ ನಿಯಮ. ಏಳನೆಯ ನಿಯಮ ಬರೆದವನು ಇವನೇ. ಕೀಲಿ ಈಗ ಬೇರೆ ದೇಶದ ಒಬ್ಬಳ ಕೈಯಲ್ಲಿದೆ. ಕೆಲಸ ಚುರುಕು, ಪಟ್ಟಿಯಲ್ಲಿ ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆಯುತ್ತಾಳೆ.

ಷಡ್ಡಕ ಈಗಲೂ ಐದಕ್ಕೇ ಏಳುತ್ತಾನೆ. ಮೇಜಿನ ಮುಂದೆ ಕೂರುತ್ತಾನೆ. ಮೊದಲ ವಾರವೇ ನಲ್ಲಿ ರಿಪೇರಿಯಾಯಿತು. ಅದು ಸೋರುತ್ತಿದ್ದರೆ ಸದ್ದಾದರೂ ಇರುತ್ತಿತ್ತು ಎಂದು ನಾದಿನಿ ನನ್ನಾಕೆಯ ಹತ್ತಿರ ಹೇಳಿ ಅತ್ತಳಂತೆ.

ಜನವರಿಯಲ್ಲಿ ನಾನೊಂದು ಪುಸ್ತಕ ತಂದು, ಜನ್ಮದಲ್ಲಿ ಮೊದಲ ಬಾರಿಗೆ ಹೇಳಿದ ದಿನವೇ ವಾಪಸು ಕೊಡಲು ಹೋದೆ. ಹೊಸ ಗುಮಾಸ್ತ ಕೆಂಪು ದೀಪ ಹಿಡಿದ. ಟಿಣ್. ಸ್ಪಷ್ಟವಾಗಿ ಕೇಳಿಸಿತು. ಅವನು ಮುಖ ಸಿಂಡರಿಸಿ, “ಬೆಳಿಗ್ಗೆಯಿಂದ ತಲೆ ತಿಂತಿದೆ ಸಾರ್ ಇದು,” ಎಂದು ಪೆಟ್ಟಿಗೆಯ ಹಿಂದೆ ಕೈ ಹಾಕಿ ಸ್ಪೀಕರಿನ ವೈರು ಎಳೆದು ಬಿಸಾಕಿದ.

ಆ ಭಾನುವಾರ ಊಟದ ನಂತರ, ಕೈ ತೊಳೆಯುವ ಕಡೆ, ಷಡ್ಡಕ ಕೇಳಿದ.

“ಹೋಗಿದ್ರಂತೆ. ಗಂಟೆ ಬಡೀತಾ ಭಾವ?”

“ಬಡೀತು,” ಎಂದೆ. “ಚೆನ್ನಾಗೇ ಕೇಳಿಸ್ತು.”

ಈ ಸಲ ಅದು ಸುಳ್ಳಲ್ಲ. ಮಿಕ್ಕದ್ದನ್ನು ಹೇಳಲಿಲ್ಲ. ಅವನು ನನ್ನ ಬರಹ ಓದುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.